ಲೈಫ್ ಅಲ್ಲ, ಕಾರ್ಡ್ ಎಣಿಸಿ: ಮ್ಯಾಜಿಕ್ ಆಟದ ಬರ್ನ್ ಡೆಕ್ ಆಡುವುದು, ಎದುರಿಸುವುದು

ಮ್ಯಾಜಿಕ್: ದ ಗ್ಯಾದರಿಂಗ್ ಆಡುವವರ ನಡುವೆ ಬರ್ನ್ ಡೆಕ್ ಬಗ್ಗೆ ಒಂದು ಮಾತು ಆಗಾಗ ಕೇಳಿಬರುತ್ತದೆ. "ಅದರಲ್ಲೇನಿದೆ? ಕೆಂಪು ಕಾರ್ಡ್ ತೆಗೆಯೋದು, ಎದುರಿನವರ ಮೇಲೆ ಎಸೆಯೋದು. ತಲೆ ಓಡಿಸೋ ಕೆಲಸವೇ ಇಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. ಬರ್ನ್ ಸರಳ ಡೆಕ್ ಹೌದು, ಸುಲಭದ ಡೆಕ್ ಅಲ್ಲ. ಈ ಆಟದಲ್ಲಿ ಲೆಕ್ಕ ಹಾಕುವುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಡೆಕ್ ಇನ್ನೊಂದಿಲ್ಲ. ಮತ್ತು ಆ ಲೆಕ್ಕ ಒಂದೇ ಒಂದು: ಎದುರಾಳಿಯ ಲೈಫ್ ಅನ್ನು ಕಾರ್ಡುಗಳಾಗಿ ಬದಲಾಯಿಸಿ ಎಣಿಸುವುದು. ಬರ್ನ್ ಆಡುವವರಿಗೂ ಇದೇ ಲೆಕ್ಕ ಬೇಕು, ಅದರ ಎದುರು ಕೂತವರಿಗೂ ಇದೇ ಬೇಕು.

ಹೊಸಬರಿಗೆ ಆಟದ ಪರಿಚಯ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ ಹೊರಬಂದಿದ್ದು 1993ರಲ್ಲಿ. ಇಬ್ಬರು ಆಟಗಾರರು, ಇಬ್ಬರಿಗೂ ಶುರುವಿನಲ್ಲಿ 20 ಲೈಫ್. ಡೆಕ್‌ನಲ್ಲಿ ಕನಿಷ್ಠ 60 ಕಾರ್ಡ್. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಜಾಸ್ತಿ ಇರಬಾರದು. ಕೈಗೆ 7 ಕಾರ್ಡ್ ಬರುತ್ತವೆ. ಪ್ರತಿ ಟರ್ನ್‌ಗೆ ಒಂದು ಕಾರ್ಡ್ ಎಳೆಯಬೇಕು, ಆದರೆ ಮೊದಲು ಆಡುವವರು ಮೊದಲ ಟರ್ನ್‌ನಲ್ಲಿ ಎಳೆಯುವಂತಿಲ್ಲ. ಟರ್ನ್‌ಗೆ ಒಂದೇ ಲ್ಯಾಂಡ್ ಇಡಬಹುದು. ಲ್ಯಾಂಡ್ ಮನಾ ಕೊಡುತ್ತದೆ, ಆ ಮನಾ ಖರ್ಚು ಮಾಡಿ ಉಳಿದ ಕಾರ್ಡ್ ಆಡಬೇಕು. ಎದುರಿನವರ ಲೈಫ್ ಸೊನ್ನೆಗೆ ಇಳಿದರೆ ಗೆದ್ದಿರಿ.

ಈಗ ಬರ್ನ್ ಡೆಕ್‌ನ ಮೂಲಕ್ಕೆ ಬರೋಣ. 1993ರ ಮೊಟ್ಟಮೊದಲ ಸೆಟ್‌ನಲ್ಲೇ ಲೈಟ್ನಿಂಗ್ ಬೋಲ್ಟ್ ಅನ್ನುವ ಕಾರ್ಡ್ ಇತ್ತು. ಒಂದು ಕೆಂಪು ಮನಾ ಕೊಟ್ಟರೆ 3 ಡ್ಯಾಮೇಜ್. ಯಾವಾಗ ಬೇಕಾದರೂ ಆಡಬಹುದು, ಕ್ರೀಚರ್‌ಗೂ (ಮೇಜಿಗಿಳಿದು ದಾಳಿ ಮಾಡುವ, ಎದುರಿನ ದಾಳಿಯನ್ನು ಬ್ಲಾಕ್ ಮಾಡಿ ತಡೆಯುವ ಕಾರ್ಡ್) ಹೊಡೆಯಬಹುದು, ಆಟಗಾರರಿಗೂ ಹೊಡೆಯಬಹುದು. ಬರ್ನ್ ಡೆಕ್ ಅಂದರೆ ಇಂಥ ಕಾರ್ಡುಗಳನ್ನು ಎಷ್ಟು ಸಾಧ್ಯವೋ ಅಷ್ಟು ತುಂಬುವುದು. ಒಂದು ಕಾರ್ಡ್‌ಗೆ 3 ಅಂದರೆ 20 ಲೈಫ್‌ಗೆ 7 ಕಾರ್ಡ್ ಬೇಕು. ಆರು ಕಾರ್ಡ್‌ಗೆ 18, ಏಳಕ್ಕೆ 21.

ಇದು ಎಷ್ಟು ಬೇಗ ಆಗುತ್ತದೆ ನೋಡಿ. ನೀವು ಮೊದಲು ಆಡುತ್ತಿದ್ದೀರಿ, ಕೈಯಲ್ಲಿ ಲ್ಯಾಂಡ್ ಮತ್ತು ಒಂದು ಮನಾದ 3 ಡ್ಯಾಮೇಜ್ ಕಾರ್ಡ್‌ಗಳು ಮಾತ್ರ ಇವೆ ಅಂತ ಇಟ್ಟುಕೊಳ್ಳಿ. ಮೊದಲ ಟರ್ನ್: ಒಂದು ಲ್ಯಾಂಡ್, ಒಂದು ಕಾರ್ಡ್, 3 ಡ್ಯಾಮೇಜ್. ಎರಡನೇ ಟರ್ನ್: ಎರಡು ಲ್ಯಾಂಡ್, ಎರಡು ಕಾರ್ಡ್, ಒಟ್ಟು 9. ಮೂರನೇ ಟರ್ನ್: ಮೂರು ಲ್ಯಾಂಡ್, ಮೂರು ಕಾರ್ಡ್, ಒಟ್ಟು 18. ಇಷ್ಟರಲ್ಲಿ ನೀವು ನೋಡಿದ್ದು 9 ಕಾರ್ಡ್, ಒಂಬತ್ತೂ ಖರ್ಚಾಗಿವೆ. ನಾಲ್ಕನೇ ಟರ್ನ್‌ಗೆ ಎಳೆದ ಹತ್ತನೇ ಕಾರ್ಡ್ ಇನ್ನೊಂದು ಬೋಲ್ಟ್ ಆದರೆ 21. ಆಟ ಮುಗಿಯಿತು. ಮೂರು ಲ್ಯಾಂಡ್, ಏಳು ಸ್ಪೆಲ್, ನಾಲ್ಕು ಟರ್ನ್. ನಿಜವಾದ ಆಟದಲ್ಲಿ ಕಾರ್ಡ್ ಇಷ್ಟು ಸಾಲಾಗಿ ಬರುವುದಿಲ್ಲ, ಎದುರಿನವರೂ ಸುಮ್ನೆ ಕೂರುವುದಿಲ್ಲ. ಆದರೂ ಬರ್ನ್ ಆಡುವವರ ತಲೆಯಲ್ಲಿ ಸದಾ ಓಡುತ್ತಿರುವುದು ಈ ಲೆಕ್ಕವೇ.

ಇದನ್ನು ಕ್ರಿಕೆಟ್‌ನ ಚೇಸಿಂಗ್ ಥರ ನೋಡಿದರೆ ಬೇಗ ಹತ್ತುತ್ತದೆ. ಬೇಕಾದ ರನ್ ಎಷ್ಟು ಅನ್ನುವುದಷ್ಟೇ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಉಳಿದ ಬಾಲ್ ಎಷ್ಟು ಅನ್ನುವುದನ್ನೂ ನೋಡಬೇಕು. ಬರ್ನ್‌ಗೆ ಕಾರ್ಡ್‌ಗಳೇ ಬಾಲ್. ಒಂದು ಕಾರ್ಡ್ ವ್ಯರ್ಥವಾದರೆ ಅದು ಡಾಟ್ ಬಾಲ್.

ಈ ಯೋಚನೆ ಹಳೆಯದು. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಒಂದು ಅರ್ಹತಾ ಟೂರ್ನಿಯಲ್ಲಿ ಪಾಲ್ ಸ್ಲೈ ಎಂಬ ಆಟಗಾರ ಒಂದು ಕೆಂಪು ಡೆಕ್ ತಂದು ಎರಡನೇ ಸ್ಥಾನ ಪಡೆದರು. ಡೆಕ್ ರೂಪಿಸಿದವರು ಜೇ ಶ್ನೈಡರ್. ಪಟ್ಟಿ ನೋಡಿದವರಿಗೆ ನಂಬಿಕೆ ಬರಲಿಲ್ಲ, ಯಾಕೆಂದರೆ ಐರನ್‌ಕ್ಲಾ ಆರ್ಕ್ಸ್‌ನಂಥ ಯಾರೂ ಮೂಸಿ ನೋಡದ ಕಾರ್ಡ್‌ಗಳು ಅದರಲ್ಲಿದ್ದವು. ಆ ಡೆಕ್‌ನ ಬಲ ಇದ್ದದ್ದು ಒಂದೊಂದು ಕಾರ್ಡಿನಲ್ಲಲ್ಲ, ಪ್ರತಿ ಟರ್ನ್‌ನ ಪ್ರತಿ ಮನಾ ಖರ್ಚಾಗುವ ಹಾಗೆ ಬೆಲೆಗಳನ್ನು ಜೋಡಿಸಿದ್ದರಲ್ಲಿ. ಇವತ್ತು ಎಲ್ಲರೂ ಮನಾ ಕರ್ವ್ ಅನ್ನುತ್ತಾರಲ್ಲ, ಅದು ಎಲ್ಲರ ಕಣ್ಣಿಗೆ ಬಿದ್ದದ್ದು ಆ ಡೆಕ್‌ನಿಂದ. ಈಗಲೂ ಅಂಥ ಕೆಂಪು ಡೆಕ್‌ಗಳನ್ನು ಅವರ ಹೆಸರಿನಿಂದ ಸ್ಲೈ ಎಂದೇ ಕರೆಯುತ್ತಾರೆ.

ಡೆಕ್‌ನಲ್ಲಿ ಏನಿರುತ್ತದೆ

ಯಾವ ಕಾರ್ಡ್‌ಗಳನ್ನು ಬಳಸಬಹುದು ಅನ್ನುವುದನ್ನು ಫಾರ್ಮ್ಯಾಟ್ ಹೇಳುತ್ತದೆ. ಕಲಿಯುವುದಕ್ಕೆ ಮಾಡರ್ನ್ ಫಾರ್ಮ್ಯಾಟಿನ ಹಳೆಯ ಬರ್ನ್ ಪಟ್ಟಿಯೇ ಚೆನ್ನ. ಮಾಡರ್ನ್ ಶುರುವಾಗಿದ್ದು 2011ರಲ್ಲಿ. ಈಗ ಅಲ್ಲಿ ಹೊಸ ಕಾರ್ಡ್‌ಗಳು ಬಂದು ಆಟದ ವೇಗ ಬದಲಾಗಿದೆ, ಆದರೆ ಈ ಪಟ್ಟಿಯ ಲೆಕ್ಕ ಕನ್ನಡಿಯಷ್ಟು ಸ್ಪಷ್ಟ: 20 ಲ್ಯಾಂಡ್, 12 ಕ್ರೀಚರ್, 28 ಬರ್ನ್ ಸ್ಪೆಲ್.

ಸ್ಪೆಲ್‌ಗಳಲ್ಲಿ ಲೈಟ್ನಿಂಗ್ ಬೋಲ್ಟ್ ಜೊತೆಗೆ ಲಾವಾ ಸ್ಪೈಕ್ ಇದೆ. ಅದೂ ಒಂದು ಮನಾಕ್ಕೆ 3, ಆದರೆ ಕ್ರೀಚರ್‌ಗೆ ಹೊಡೆಯಲು ಬರುವುದಿಲ್ಲ, ನಿಮ್ಮ ಟರ್ನ್‌ನಲ್ಲಿ ಮಾತ್ರ ಆಡಬೇಕು. ರಿಫ್ಟ್ ಬೋಲ್ಟ್ ಅನ್ನು ಒಂದು ಮನಾ ಕೊಟ್ಟು ಪಕ್ಕಕ್ಕಿಟ್ಟರೆ ಮುಂದಿನ ಟರ್ನ್‌ನ ಶುರುವಿನಲ್ಲಿ ಸಿಡಿಯುತ್ತದೆ, 3 ಡ್ಯಾಮೇಜ್. ಎರಡು ಮನಾದ ಬೋರೋಸ್ ಚಾರ್ಮ್ 4 ಡ್ಯಾಮೇಜ್ ಕೊಡುತ್ತದೆ. ಲೈಟ್ನಿಂಗ್ ಹೀಲಿಕ್ಸ್ 3 ಹೊಡೆದು ನಿಮಗೆ 3 ಲೈಫ್ ಕೊಡುತ್ತದೆ. ಸ್ಕಲ್‌ಕ್ರ್ಯಾಕ್ 3 ಹೊಡೆಯುವುದರ ಜೊತೆಗೆ ಆ ಟರ್ನ್‌ನಲ್ಲಿ ಯಾರೂ ಲೈಫ್ ಗಳಿಸದ ಹಾಗೆ ಮಾಡುತ್ತದೆ. ಸಿಯರಿಂಗ್ ಬ್ಲೇಜ್ ಒಂದೇ ಕಾರ್ಡಿನಲ್ಲಿ ಕ್ರೀಚರ್‌ಗೂ ಅದರ ಒಡೆಯರಿಗೂ ಹೊಡೆಯುತ್ತದೆ. ಸಾಮಾನ್ಯವಾಗಿ ಇಬ್ಬರಿಗೂ 1. ಆ ಟರ್ನ್‌ನಲ್ಲಿ ನಿಮ್ಮ ಕಡೆ ಒಂದು ಲ್ಯಾಂಡ್ ಇಳಿದಿದ್ದರೆ ಇಬ್ಬರಿಗೂ 3.

ಕ್ರೀಚರ್‌ಗಳು ಮೂರು ಬಗೆ. ಗಾಬ್ಲಿನ್ ಗೈಡ್ ಒಂದು ಮನಾದ 2/2 (ಅಂದರೆ 2 ಹೊಡೆಯುತ್ತದೆ, 2 ಡ್ಯಾಮೇಜ್ ಬಿದ್ದರೆ ಸಾಯುತ್ತದೆ), ಇಳಿದ ಟರ್ನ್‌ನಲ್ಲೇ ದಾಳಿ ಮಾಡುತ್ತದೆ. ದಾಳಿ ಮಾಡಿದಾಗಲೆಲ್ಲ ಎದುರಿನವರ ಡೆಕ್‌ನ ಮೇಲಿನ ಕಾರ್ಡ್ ತೋರಿಸಬೇಕು, ಅದು ಲ್ಯಾಂಡ್ ಆಗಿದ್ದರೆ ಅವರ ಕೈ ಸೇರುತ್ತದೆ. ಅವರಿಗೆ ಪುಕ್ಕಟೆ ಲ್ಯಾಂಡ್ ಸಿಗುತ್ತದೆ ಅಂತ ಹೊಸಬರು ಹೆದರುತ್ತಾರೆ. ಹೆದರಬೇಕಿಲ್ಲ, ಆ ಲ್ಯಾಂಡ್‌ಗಳನ್ನೆಲ್ಲ ಇಡುವಷ್ಟು ಟರ್ನ್ ಅವರಿಗೆ ಸಿಗದಂತೆ ಆಡುವುದೇ ನಿಮ್ಮ ಕೆಲಸ. ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ 1/2, ಇಳಿದ ಕೂಡಲೇ ದಾಳಿ. ಕ್ರೀಚರ್ ಅಲ್ಲದ, ನೀವು ಆಡುವ ಪ್ರತಿ ಸ್ಪೆಲ್‌ಗೆ ಆ ಟರ್ನ್ ಮಟ್ಟಿಗೆ ಒಂದೊಂದು ಬೆಳೆಯುತ್ತದೆ. ಎರಡು ಮನಾದ ಐಡಲಾನ್ ಆಫ್ ದ ಗ್ರೇಟ್ ರೆವೆಲ್ ಇದ್ದರೆ, 3 ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಸ್ಪೆಲ್ ಯಾರು ಆಡಿದರೂ ಅವರಿಗೇ 2 ಡ್ಯಾಮೇಜ್. ನಿಮಗೂ ಬೀಳುತ್ತದೆ. ನೀವು ಮುಂದಿರುವಾಗ ಇದು ಎದುರಿನವರ ಕುತ್ತಿಗೆಗೆ ಹಾಕಿದ ಹಗ್ಗ. ಹಿಂದಿರುವಾಗ ಅದೇ ಹಗ್ಗ ನಿಮ್ಮ ಕುತ್ತಿಗೆಗೆ.

ಸ್ಪೆಲ್‌ಗಳೇ ಇಷ್ಟೊಂದು ಇರುವಾಗ ಕ್ರೀಚರ್ ಯಾಕೆ? ಮೊದಲ ಟರ್ನ್‌ನಲ್ಲಿ ಗೈಡ್ ಇಳಿದ ಆಟವನ್ನು ಲೆಕ್ಕ ಹಾಕಿ. ಮೊದಲ ಟರ್ನ್ 2. ಎರಡನೇ ಟರ್ನ್ ಗೈಡ್ 2, ಎರಡು ಬೋಲ್ಟ್ 6, ಒಟ್ಟು 10. ಮೂರನೇ ಟರ್ನ್ ಗೈಡ್ 2, ಮೂರು ಬೋಲ್ಟ್ 9, ಒಟ್ಟು 21. ಯಾರೂ ತಡೆಯದ ಒಂದು ಗೈಡ್ ಆಟವನ್ನು ನಾಲ್ಕನೇ ಟರ್ನ್‌ನಿಂದ ಮೂರಕ್ಕೆ ತಂದಿತು. ಮೂರು ಸಲ ಹೊಡೆದರೆ 6, ಅಂದರೆ ಒಂದು ಕಾರ್ಡ್ ಎರಡು ಕಾರ್ಡಿನ ಕೆಲಸ ಮಾಡಿತು. ಅದೇ ಗೈಡ್ ಆರನೇ ಟರ್ನ್‌ನಲ್ಲಿ, ಎದುರಿಗೆ ದೊಡ್ಡ ಕ್ರೀಚರ್ ನಿಂತಿರುವಾಗ ಬಂದರೆ ಬೆಲೆ ಸೊನ್ನೆ.

ಆಡುವುದು ಹೇಗೆ

ಹಾಗಾಗಿ ಮೊದಲ ನಿಯಮ ತಾನಾಗಿ ಸಿಗುತ್ತದೆ: ಕ್ರೀಚರ್ ಮೊದಲು, ಸ್ಪೆಲ್ ಆಮೇಲೆ. ಬೋಲ್ಟ್ ಇವತ್ತು ಹೊಡೆದರೂ 3, ಎರಡು ಟರ್ನ್ ಬಿಟ್ಟು ಹೊಡೆದರೂ 3. ಕ್ರೀಚರ್ ಮಾತ್ರ ದಿನ ಕಳೆದಂತೆ ಹಳಸುತ್ತದೆ.

ಸ್ಪೆಲ್‌ಗಳಲ್ಲೂ ಒಂದು ಕ್ರಮ ಇದೆ. ನಿಮ್ಮ ಟರ್ನ್‌ನಲ್ಲಿ ಮಾತ್ರ ಆಡಬಹುದಾದ ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್ ಮೊದಲು ಖರ್ಚಾಗಲಿ. ಯಾವಾಗ ಬೇಕಾದರೂ ಆಡಬಹುದಾದ ಬೋಲ್ಟ್, ಸ್ಕಲ್‌ಕ್ರ್ಯಾಕ್ ಕೊನೆವರೆಗೂ ಕೈಯಲ್ಲಿರಲಿ, ಯಾಕೆಂದರೆ ಅವು ಎರಡು ಕೆಲಸಕ್ಕೆ ಬರುತ್ತವೆ. ಒಂದೇ ಒಂದು ಕಟ್ಟಳೆ: ಯಾವ ಟರ್ನ್‌ನಲ್ಲೂ ಮನಾ ಸುಮ್ಮನೆ ಉಳಿಯಬಾರದು. ಕಾರ್ಡ್ ಕೈಯಲ್ಲಿಟ್ಟುಕೊಂಡೇ ಸೋತ ಬರ್ನ್ ಆಟಗಾರರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಸ್ವಿಫ್ಟ್‌ಸ್ಪಿಯರ್ ಇದ್ದಾಗ ಸ್ವಲ್ಪ ಗಮನ ಬೇಕು. ಲಾವಾ ಸ್ಪೈಕ್ ಅನ್ನು ದಾಳಿಗೆ ಮುಂಚೆಯೇ ಆಡಿ, ಅದು 3ರ ಜೊತೆಗೆ ಸ್ವಿಫ್ಟ್‌ಸ್ಪಿಯರ್ ಮೂಲಕ ಇನ್ನೂ 1 ಕೊಡುತ್ತದೆ. ಬೋಲ್ಟ್ ಆದರೆ ಎದುರಿನವರು ಬ್ಲಾಕ್ ಮಾಡುತ್ತಾರೋ ಇಲ್ಲವೋ ಅನ್ನುವುದು ತೀರ್ಮಾನ ಆದಮೇಲೆ ಆಡಿ.

ಸಿಯರಿಂಗ್ ಬ್ಲೇಜ್ ಕೈಯಲ್ಲಿದ್ದರೆ ಮೂರನೇ ಲ್ಯಾಂಡ್ ಅನ್ನು ಅವಸರಕ್ಕೆ ಇಡಬೇಡಿ. ಎರಡು ಲ್ಯಾಂಡ್‌ನಲ್ಲೇ ಕೆಲಸ ನಡೆಯುತ್ತಿದ್ದರೆ, ಎದುರಿನವರು ಕ್ರೀಚರ್ ಇಳಿಸುವವರೆಗೆ ಕಾಯಿರಿ. ಆಮೇಲೆ ನಿಮ್ಮ ಟರ್ನ್‌ನಲ್ಲಿ ಲ್ಯಾಂಡ್ ಇಟ್ಟು ಹೊಡೆದರೆ ಕ್ರೀಚರ್‌ಗೆ 3, ಆಟಗಾರರಿಗೆ 3. ಫೆಚ್ ಲ್ಯಾಂಡ್ (ತಾನು ಹೋಗಿ ಡೆಕ್‌ನಿಂದ ಬೇರೆ ಲ್ಯಾಂಡ್ ತರುವ ಲ್ಯಾಂಡ್) ಆದರೆ ಇನ್ನೂ ಅನುಕೂಲ. ಅದನ್ನು ಒಡೆಯದೆ ಇಟ್ಟುಕೊಂಡಿದ್ದು, ಅವರ ಟರ್ನ್‌ನಲ್ಲೇ ಒಡೆದು ಬೇರೆ ಲ್ಯಾಂಡ್ ತಂದು ಹೊಡೆಯಬಹುದು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಕ್ರೀಚರ್‌ಗೆ ಹೊಡೆಯಬೇಕಾ, ಆಟಗಾರರಿಗೆ ಹೊಡೆಯಬೇಕಾ? ಇದಕ್ಕೂ ಉತ್ತರ ಕಾರ್ಡ್ ಲೆಕ್ಕದಲ್ಲೇ ಇದೆ. ಆ ಕ್ರೀಚರ್ ಬದುಕಿದ್ದರೆ ನಿಮ್ಮ ಒಂದಕ್ಕಿಂತ ಜಾಸ್ತಿ ಕಾರ್ಡ್ ಹಾಳು ಮಾಡುತ್ತದೆಯೇ? ದಾಳಿ ಮಾಡಿದಾಗಲೆಲ್ಲ ಅವರಿಗೆ 3 ಲೈಫ್ ಕೊಡುವಂಥದ್ದಾದರೆ ಎರಡು ದಾಳಿಗೆ ನಿಮ್ಮ ಎರಡು ಕಾರ್ಡ್ ಹೋದ ಹಾಗೆ. ಅದನ್ನು ಒಂದು ಬೋಲ್ಟ್ ಕೊಟ್ಟು ಕೊಲ್ಲುವುದು ಲಾಭ. ನಿಮ್ಮ ಗೈಡ್‌ನ ದಾರಿಗೆ ಅಡ್ಡ ನಿಂತ ಸಣ್ಣ ಕ್ರೀಚರ್ ಅನ್ನು ಎರಡನೇ ಟರ್ನ್‌ನಲ್ಲಿ ತೆಗೆದರೂ ಲಾಭವೇ, ಗೈಡ್ ಇನ್ನೆರಡು ಸಲ ಹೊಡೆದರೆ 4 ವಾಪಸ್ ಬಂತು. ಉಳಿದ ಎಲ್ಲ ಸಂದರ್ಭದಲ್ಲೂ ಆಟಗಾರರಿಗೇ ಹೊಡೆಯಿರಿ. ಎದುರಿಗೆ 5/5 ನಿಂತಿದೆ, ಹೆದರಿಕೆ ಆಗುತ್ತಿದೆ ಅನ್ನುವುದು ಕಾರಣವಲ್ಲ.

ಇದಕ್ಕೆ ಮ್ಯಾಜಿಕ್ ಚರಿತ್ರೆಯಲ್ಲೇ ಹೆಸರಾದ ಒಂದು ಆಟ ಇದೆ. 2006ರ ಪ್ರೊ ಟೂರ್ ಹೊನೊಲುಲು, ಸೆಮಿಫೈನಲ್. ಇಂಗ್ಲೆಂಡಿನ ಕ್ರೇಗ್ ಜೋನ್ಸ್ ಎದುರು ಫ್ರಾನ್ಸಿನ ಒಲಿವಿಯೆ ರುಯೆಲ್. ಜೋನ್ಸ್ ಅವರದು ಪೂರ್ತಿ ಬರ್ನ್ ಡೆಕ್ ಅಲ್ಲ, ಸಣ್ಣ ಕ್ರೀಚರ್‌ಗಳ ಜೊತೆ ಬರ್ನ್ ಬೆರೆತ ಡೆಕ್. ಕೊನೆಯ ಆಟದಲ್ಲಿ ಅವರು ಹಿಂದೆ ಬಿದ್ದಿದ್ದರು. ಕೈಯಲ್ಲಿದ್ದದ್ದು ಚಾರ್, 4 ಡ್ಯಾಮೇಜ್ ಹೊಡೆಯುವ ಕಾರ್ಡ್. ಅದನ್ನು ಕ್ರೀಚರ್‌ಗೆ ಹೊಡೆದು ಸ್ವಲ್ಪ ಉಸಿರು ಗಳಿಸಬಹುದಿತ್ತು. ಅವರು ರುಯೆಲ್‌ಗೇ ಹೊಡೆದರು, ರುಯೆಲ್ 3ಕ್ಕೆ ಇಳಿದರು. ಅಂದರೆ ಇನ್ನು ಒಂದೇ ಕಾರ್ಡ್ ದೂರ. ಮುಂದಿನ ಎಳೆತದಲ್ಲಿ ಸರಿಯಾದ ಕಾರ್ಡ್ ಬರದಿದ್ದರೆ ಸೋಲು. ಎಳೆದ ಕಾರ್ಡ್ ಲೈಟ್ನಿಂಗ್ ಹೀಲಿಕ್ಸ್. ಬಹುಮಾನದ ವ್ಯತ್ಯಾಸದಿಂದಾಗಿ ಅದಕ್ಕೆ 16,000 ಡಾಲರ್ ಹೀಲಿಕ್ಸ್ ಎಂದೇ ಹೆಸರಾಯಿತು. ಎಲ್ಲರೂ ಆ ಅದೃಷ್ಟದ ಎಳೆತವನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ದೊಡ್ಡದಾಗಿ ಕಾಣುವುದು ಅದಕ್ಕೆ ಮುಂಚಿನ ಚಾರ್. ಕ್ರೀಚರ್‌ಗೆ ಹೊಡೆದಿದ್ದರೆ ಆ ಹೀಲಿಕ್ಸ್ ಬಂದೂ ಆಟ ಗೆಲ್ಲುತ್ತಿರಲಿಲ್ಲ.

ಮೊದಲ ಕೈ ಇಟ್ಟುಕೊಳ್ಳುವುದರಲ್ಲೂ ಇದೇ ಲೆಕ್ಕ. 60ರಲ್ಲಿ 20 ಲ್ಯಾಂಡ್ ಅಂದರೆ 10 ಕಾರ್ಡಿಗೆ ಸರಾಸರಿ ಮೂರು ಚಿಲ್ಲರೆ ಲ್ಯಾಂಡ್. ಎರಡು ಲ್ಯಾಂಡ್, ಐದು ಅಗ್ಗದ ಸ್ಪೆಲ್ ಇರುವ ಕೈ ಬಂಗಾರ. ಐದು ಲ್ಯಾಂಡ್, ಎರಡು ಸ್ಪೆಲ್ ಇರುವ ಕೈ ಅಂದರೆ ಬರೀ 6 ಡ್ಯಾಮೇಜ್. ಅದನ್ನು ವಾಪಸ್ ಹಾಕಿ. ಹೀಗೆ ಕೈ ವಾಪಸ್ ಹಾಕಿ ಹೊಸದು ಎಳೆಯುವುದೇ ಮಲಿಗನ್. ಮಲಿಗನ್ ಮಾಡಿದರೆ ಒಂದು ಕಾರ್ಡ್ ಹೋಗುತ್ತದೆ, ಅಂದರೆ 3 ಡ್ಯಾಮೇಜ್ ಹೋಯಿತು. ಆದರೆ ಕೆಟ್ಟ ಕೈಯಲ್ಲಿ ಅದಕ್ಕಿಂತ ಜಾಸ್ತಿ ಹೋಗಿರುತ್ತದೆ.

ಎದುರು ಕೂತಾಗ

ಈಗ ಮೇಜಿನ ಆ ಕಡೆಗೆ ಹೋಗೋಣ. ಬರ್ನ್ ಎದುರು ಸೋಲುವವರಲ್ಲಿ ತುಂಬ ಜನ ಸೋಲುವುದು ತಮ್ಮದೇ ಲ್ಯಾಂಡ್‌ಗಳಿಂದ. ಮಾಡರ್ನ್‌ನಲ್ಲಿ ಎರಡು ಮೂರು ಬಣ್ಣದ ಡೆಕ್‌ಗಳು ಫೆಚ್ ಲ್ಯಾಂಡ್, ಎರಡು ಬಣ್ಣದ ಮನಾ ಕೊಡುವ ಶಾಕ್ ಲ್ಯಾಂಡ್ ಬಳಸುತ್ತವೆ. ಫೆಚ್ ಒಡೆಯಲು 1 ಲೈಫ್. ಶಾಕ್ ಲ್ಯಾಂಡ್ ಅನ್ನು ಅದೇ ಟರ್ನ್‌ನಲ್ಲಿ ಬಳಸಬೇಕಾದರೆ 2 ಲೈಫ್. ಒಟ್ಟು 3. ಬರ್ನ್ ಆಟಗಾರರಿಗೆ ನೀವೇ ಒಂದು ಬೋಲ್ಟ್ ಉಚಿತವಾಗಿ ಕೊಟ್ಟ ಹಾಗೆ.

ಇದು ಎಷ್ಟು ದುಬಾರಿ ಅಂತ ಒಂದು ಆಟ ಬಿಡಿಸಿ ನೋಡೋಣ. ಅವರು ಮೊದಲ ಟರ್ನ್‌ನಲ್ಲಿ ಗೈಡ್ ಇಳಿಸಿ 2 ಹೊಡೆದರು. ನಿಮ್ಮ ಕೈಯಲ್ಲಿ ಅದನ್ನು ತೆಗೆಯುವ ಒಂದು ಮನಾದ ಕಾರ್ಡ್ ಇದೆ. ಫೆಚ್ ಒಡೆದು, ಶಾಕ್ ಲ್ಯಾಂಡ್ ತಂದು, 2 ಕಟ್ಟಿ, ಗೈಡ್ ತೆಗೆದಿರಿ. ನಿಮ್ಮ ಲೈಫ್ 15. ಅವರ ಎರಡನೇ ಟರ್ನ್ ಎರಡು ಬೋಲ್ಟ್, 9. ಮೂರನೇ ಟರ್ನ್ ಮೂರು ಬೋಲ್ಟ್, ಸೊನ್ನೆ. ಗೈಡ್ ಅನ್ನು ಮುಟ್ಟದೇ ಬಿಟ್ಟಿದ್ದರೂ ಅವರು ಮೂರನೇ ಟರ್ನ್‌ಗೇ ಗೆಲ್ಲುತ್ತಿದ್ದರು ಅಲ್ವಾ? ಒಂದು ಕಾರ್ಡ್ ಖರ್ಚು ಮಾಡಿ ನೀವು ಒಂದು ಟರ್ನ್ ಕೂಡ ಗಳಿಸಲಿಲ್ಲ. ಅದೇ ಕಾರ್ಡ್ ಅನ್ನು ಬೇಸಿಕ್ ಲ್ಯಾಂಡ್‌ನಿಂದ ಆಡಿದ್ದರೆ ಲೈಫ್ 18 ಇರುತ್ತಿತ್ತು, ಮೂರನೇ ಟರ್ನ್ ಕೊನೆಗೆ ಇನ್ನೂ 3 ಉಳಿಯುತ್ತಿತ್ತು. ನಿಮಗೆ ಮೂರನೇ ಟರ್ನ್ ಸಿಗುತ್ತಿತ್ತು. ಬರ್ನ್ ಎದುರು ಆ ಒಂದು ಟರ್ನ್ ಅಂದರೆ ಇಡೀ ಆಟ.

ಆದ್ದರಿಂದ ಎದುರಿನದು ಬರ್ನ್ ಅಂತ ಗೊತ್ತಾದ ಕ್ಷಣದಿಂದ ಬೇಸಿಕ್ ಲ್ಯಾಂಡ್ ತನ್ನಿ. ಮೊದಲ ಟರ್ನ್‌ನಲ್ಲಿ ಮಾಡುವ ಕೆಲಸ ಇಲ್ಲದಿದ್ದರೆ ಶಾಕ್ ಲ್ಯಾಂಡ್ ಅನ್ನು ಲೈಫ್ ಕಟ್ಟದೆ, ಆ ಟರ್ನ್‌ನಲ್ಲಿ ಬಳಸಲಾಗದ ಹಾಗೆ ಮಲಗಿಸಿಯೇ ಇಡಿ. ಗೈಡ್, ಸ್ವಿಫ್ಟ್‌ಸ್ಪಿಯರ್ ಕಂಡ ಕೂಡಲೇ ತೆಗೆಯಿರಿ, ದೊಡ್ಡದಕ್ಕೆ ಇರಲಿ ಅಂತ ಕಾಯಬೇಡಿ. ಈ ಡೆಕ್‌ನಲ್ಲಿ ದೊಡ್ಡದು ಬರುವುದಿಲ್ಲ. ಬ್ಲಾಕ್ ಮಾಡಿ ನಿಮ್ಮ ಕ್ರೀಚರ್ ಸತ್ತರೂ ಪರವಾಗಿಲ್ಲ, ಅವರದೂ ಸತ್ತರೆ ಸಾಕು.

ಎರಡನೆಯದು, ಮೆಟ್ಟಿಲುಗಳನ್ನು ನೋಡುವುದು. 6 ಲೈಫ್ ಇದ್ದರೆ ಎರಡು ಕಾರ್ಡ್‌ಗೆ ಸಾಯುತ್ತೀರಿ, 7 ಇದ್ದರೆ ಮೂರು ಬೇಕು. 6ಕ್ಕೂ 7ಕ್ಕೂ ನಡುವೆ ಇರುವುದು ಒಂದು ಲೈಫ್ ಅಲ್ಲ, ಒಂದು ಪೂರ್ತಿ ಕಾರ್ಡ್. 7ಕ್ಕೂ 9ಕ್ಕೂ ನಡುವೆ ಹೆಚ್ಚು ಕಡಿಮೆ ಏನೂ ಇಲ್ಲ. ಬೋರೋಸ್ ಚಾರ್ಮ್‌ನ 4 ಮಾತ್ರ ಈ ಮೆಟ್ಟಿಲನ್ನು ಸ್ವಲ್ಪ ಅಲುಗಿಸುತ್ತದೆ, 7 ಇದ್ದಾಗ ಒಂದು ಚಾರ್ಮ್, ಒಂದು ಬೋಲ್ಟ್ ಸಾಕು. ಹಾಗಾಗಿ 9ರಲ್ಲಿರುವಾಗ ಫೆಚ್ ಒಡೆದು 8ಕ್ಕೆ ಬಂದರೆ ಅಂಥ ನಷ್ಟ ಇಲ್ಲ, 7ರಿಂದ 6ಕ್ಕೆ ಇಳಿಯುವ ಮುಂಚೆ ಎರಡು ಸಲ ಯೋಚಿಸಿ.

ಈ ಕಣ್ಣಿನಿಂದ ನಿಮ್ಮ ಕಾರ್ಡ್‌ಗಳನ್ನೂ ಒಮ್ಮೆ ತೂಗಿ. ಥಾಟ್‌ಸೀಜ್ ಕಪ್ಪು ಡೆಕ್‌ಗಳ ಹೆಮ್ಮೆಯ ಕಾರ್ಡ್, ಎದುರಿನವರ ಕೈಯಿಂದ ಲ್ಯಾಂಡ್ ಬಿಟ್ಟು ಬೇಕಾದ ಕಾರ್ಡ್ ಆರಿಸಿ ಬಿಸಾಡಿಸುತ್ತದೆ. ಆದರೆ ಅದಕ್ಕೆ 2 ಲೈಫ್ ಕೊಡಬೇಕು. ಬರ್ನ್ ಎದುರು ನೀವು ಬಿಸಾಡಿಸಿದ್ದು 3 ಡ್ಯಾಮೇಜ್, ಕೊಟ್ಟಿದ್ದು 2. ಒಂದು ಕಾರ್ಡ್, ಒಂದು ಮನಾ ಖರ್ಚು ಮಾಡಿ ಗಳಿಸಿದ್ದು ಬರೀ 1 ಲೈಫ್. ಎರಡನೇ ಆಟಕ್ಕೆ ಅದನ್ನು ಡೆಕ್‌ನಿಂದ ತೆಗೆದುಬಿಡಿ. ಲೈಫ್ ಕೇಳದ ಇನ್‌ಕ್ವಿಸಿಷನ್ ಆಫ್ ಕೋಜಿಲೆಕ್ ಆದರೆ ಪೂರ್ತಿ 3 ಉಳಿಸುತ್ತದೆ, ಅದು ಇರಲಿ.

ಲೈಫ್ ಗಳಿಸುವ ಕಾರ್ಡ್‌ಗಳ ವಿಷಯದಲ್ಲಿ ಎಷ್ಟು ಗಳಿಸುತ್ತೀರಿ ಅನ್ನುವಷ್ಟೇ ಮುಖ್ಯ ಯಾವಾಗ ಗಳಿಸುತ್ತೀರಿ ಅನ್ನುವುದು. ಬಿಳಿ ಬಣ್ಣದ ಟೈಮ್ಲಿ ರೀಇನ್‌ಫೋರ್ಸ್‌ಮೆಂಟ್ಸ್ ಮೂರು ಮನಾಕ್ಕೆ 6 ಲೈಫ್, ಮೂರು ಸಣ್ಣ ಸೈನಿಕರನ್ನು ಕೊಡುತ್ತದೆ. ಎದುರಿನವರಿಗಿಂತ ನಿಮ್ಮ ಲೈಫ್ ಕಡಿಮೆ ಇದ್ದರೆ ಲೈಫ್, ಕ್ರೀಚರ್ ಕಡಿಮೆ ಇದ್ದರೆ ಸೈನಿಕರು. 6 ಅಂದರೆ ಅವರ ಎರಡು ಕಾರ್ಡ್ ಅಳಿಸಿಹೋದವು, ಸೈನಿಕರು ಇನ್ನೊಂದಿಷ್ಟು ತಡೆಯುತ್ತಾರೆ. ಆದರೆ ಅವರ ಬಳಿ ಎರಡು ಮನಾ ಖರ್ಚಾಗದೆ ಉಳಿದಿದ್ದರೆ ಸ್ಕಲ್‌ಕ್ರ್ಯಾಕ್ ಬರಬಹುದು, ಆಗ 6 ಸಿಗುವುದಿರಲಿ, ಮೇಲೆ 3 ಹೋಗುತ್ತದೆ. ಅವರು ಮನಾ ಪೂರ್ತಿ ಖರ್ಚು ಮಾಡಿದ ಟರ್ನ್‌ಗೆ ಕಾಯಿರಿ.

ಹಸಿರು ಡೆಕ್‌ಗೆ ವೆದರ್ ದ ಸ್ಟಾರ್ಮ್ ಅನ್ನುವ ಎರಡು ಮನಾದ ಕಾರ್ಡ್ ಇದೆ, ನನಗೆ ತುಂಬ ಇಷ್ಟವಾದದ್ದು. 3 ಲೈಫ್ ಕೊಡುತ್ತದೆ, ಆಮೇಲೆ ಆ ಟರ್ನ್‌ನಲ್ಲಿ ಅದಕ್ಕೆ ಮುಂಚೆ ಎಷ್ಟು ಸ್ಪೆಲ್ ಆಡಲಾಗಿದೆಯೋ ಅಷ್ಟು ಸಲ ಮತ್ತೆ ಕೊಡುತ್ತದೆ. ಯಾರು ಆಡಿದ ಸ್ಪೆಲ್ ಆದರೂ ಲೆಕ್ಕಕ್ಕೆ ಬರುತ್ತದೆ. ಮೂರನೇ ಟರ್ನ್‌ನಲ್ಲಿ ಬರ್ನ್ ಆಟಗಾರರು ಮೂರು ಬೋಲ್ಟ್ ಸಾಲಾಗಿ ಹೊಡೆದು ಮನಾ ಖಾಲಿ ಮಾಡಿಕೊಂಡರು ಅಂದುಕೊಳ್ಳಿ. ನೀವು ಇನ್ನೂ ಬದುಕಿದ್ದರೆ ಆಗ ಇದನ್ನು ಆಡಿ: ನಾಲ್ಕು ಸಲ 3, ಒಟ್ಟು 12. ಅವರು ಹೊಡೆದ 9ಕ್ಕಿಂತ ಜಾಸ್ತಿ. ಇದರ ಬಗ್ಗೆ ಗೊತ್ತಿರುವ ಬರ್ನ್ ಆಟಗಾರರು ಹಸಿರು ಡೆಕ್ ಎದುರು ಒಂದೇ ಟರ್ನ್‌ನಲ್ಲಿ ಮೂರು ಸ್ಪೆಲ್ ಆಡಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯೇ ನಿಮಗೆ ಲಾಭ.

ಒಂದೇ ಕಾರ್ಡ್ ಇಡೀ ಲೆಕ್ಕ ಬದಲಿಸುವುದೂ ಇದೆ. ಕೋರ್ ಫೈರ್‌ವಾಕರ್ ಬಿಳಿ ಬಣ್ಣದ 2/2, ಕೆಂಪಿನಿಂದ ಅದಕ್ಕೆ ರಕ್ಷಣೆ ಇದೆ. ಬೋಲ್ಟ್ ಅದಕ್ಕೆ ಗುರಿ ಇಡಲಾಗದು, ಗೈಡ್ ಅದರ ಎದುರು ಸುಮ್ಮನಾಗುತ್ತದೆ. ಜೊತೆಗೆ ಯಾರು ಕೆಂಪು ಸ್ಪೆಲ್ ಆಡಿದರೂ ನಿಮಗೆ 1 ಲೈಫ್. ಅಂದರೆ ಪ್ರತಿ ಬೋಲ್ಟ್‌ನ ಬೆಲೆ 3ರಿಂದ 2ಕ್ಕೆ ಇಳಿಯಿತು, 20ಕ್ಕೆ ಏಳರ ಬದಲು ಹತ್ತು ಕಾರ್ಡ್ ಬೇಕಾಯಿತು. ಬರ್ನ್ ಆಟಗಾರರು ಸೈಡ್‌ಬೋರ್ಡ್‌ನಲ್ಲಿ (ಒಂದು ಆಟ ಮುಗಿದ ಮೇಲೆ ಡೆಕ್‌ಗೆ ಬದಲಾಯಿಸಿಕೊಳ್ಳಲು ಪಕ್ಕಕ್ಕಿಟ್ಟ ಕಾರ್ಡ್‌ಗಳಲ್ಲಿ) ಕ್ರೀಚರ್ ತೆಗೆಯುವ ಬಿಳಿಯ ಪಾಥ್ ಟು ಎಕ್ಸೈಲ್ ಇಟ್ಟುಕೊಳ್ಳುವುದಕ್ಕೆ ಇಂಥವೂ ಒಂದು ಕಾರಣ.

ಲೇಲೈನ್ ಆಫ್ ಸ್ಯಾಂಕ್ಟಿಟಿ ಮೊದಲ ಕೈಯಲ್ಲೇ ಇದ್ದರೆ ಬಿಟ್ಟಿಯಾಗಿ ಮೇಜಿಗೆ ಬರುತ್ತದೆ, ಆಮೇಲೆ ಯಾವ ಬೋಲ್ಟ್ ಕೂಡ ನಿಮ್ಮನ್ನು ಗುರಿ ಮಾಡಲಾಗದು. ಕೇಳುವುದಕ್ಕೆ ಆಟವೇ ಮುಗಿದ ಹಾಗೆ ಅನಿಸುತ್ತದೆ. ಆದರೆ ಗೈಡ್ ದಾಳಿಗೆ, ಐಡಲಾನ್‌ನ 2ಕ್ಕೆ ಗುರಿಯೇ ಬೇಕಿಲ್ಲ. ಲೇಲೈನ್ ಇಟ್ಟು ನೆಮ್ಮದಿಯಾಗಿ ಕೂತವರು ಗೈಡ್ ಕೈಯಲ್ಲಿ ಸಾಯುತ್ತಾರೆ. ಚಾಲಿಸ್ ಆಫ್ ದ ವಾಯ್ಡ್ ಅನ್ನು 1ಕ್ಕೆ ಇಟ್ಟರೆ ಒಂದು ಮನಾದ ಸ್ಪೆಲ್‌ಗಳೆಲ್ಲ ನಿಂತವು: ಮೇಲಿನ ಪಟ್ಟಿಯಲ್ಲಿ ಗೈಡ್, ಸ್ವಿಫ್ಟ್‌ಸ್ಪಿಯರ್, ಬೋಲ್ಟ್, ಸ್ಪೈಕ್ ಸೇರಿ 16 ಕಾರ್ಡ್. ರಿಫ್ಟ್ ಬೋಲ್ಟ್ ಮಾತ್ರ ನಿಲ್ಲುವುದಿಲ್ಲ. ಒಂದು ಮನಾ ಕೊಟ್ಟು ಪಕ್ಕಕ್ಕಿಟ್ಟರೂ ಅದರ ನಿಜವಾದ ಬೆಲೆ 3.

ಇಷ್ಟೆಲ್ಲ ಮಾಡಿ, 3 ಲೈಫ್‌ನಲ್ಲಿ ಉಳಿದು, ಅವರ ಕೈ ಖಾಲಿಯಾಯಿತು ಅಂದುಕೊಳ್ಳಿ. ಇಲ್ಲೇ ತುಂಬ ಆಟಗಳು ಕೈಜಾರುತ್ತವೆ. ಅಪಾಯ ಕಳೆಯಿತು ಅಂತ ನಿಧಾನಕ್ಕೆ ಆಡಲು ಶುರು ಮಾಡುತ್ತಾರೆ. ಅವರ 60ರಲ್ಲಿ ನಿಮ್ಮನ್ನು ನೇರವಾಗಿ ಮುಗಿಸುವ ಕಾರ್ಡ್ 24, ಸಿಯರಿಂಗ್ ಬ್ಲೇಜ್ ಬಿಟ್ಟು. ಒಂದು ಎಳೆತಕ್ಕೆ ಸುಮಾರು ಶೇ. 40 ಅವಕಾಶ, ಎರಡಕ್ಕೆ ಶೇ. 64, ಮೂರಕ್ಕೆ ಶೇ. 78. ಒಂದೊಂದು ಟರ್ನ್ ತಡ ಮಾಡಿದಷ್ಟೂ ಸಾವು ಹತ್ತಿರ. ಬರ್ನ್ ಅನ್ನು ತಡೆದ ಮೇಲೆ ಬೇಗ ಕೊಲ್ಲಬೇಕು. ಇರುವ ಕ್ರೀಚರ್‌ಗಳೆಲ್ಲ ದಾಳಿಗೆ ಹೋಗಲಿ. ನೀಲಿ ಡೆಕ್‌ನವರೂ ಅಷ್ಟೆ, ಎದುರಿನವರ ಸ್ಪೆಲ್ ತಡೆಯುವ ಕೌಂಟರ್ ಸ್ಪೆಲ್ ಹಿಡಿದುಕೊಂಡು ಕೂತರೆ ಸಾಲದು. ಅವರು ನಿಮ್ಮ ಟರ್ನ್ ಕೊನೆಯಲ್ಲಿ ಒಂದು ಬೋಲ್ಟ್ ಹೊಡೆದು ನಿಮ್ಮ ಮನಾ ಖರ್ಚು ಮಾಡಿಸಿ, ತಮ್ಮ ಟರ್ನ್‌ನಲ್ಲಿ ಉಳಿದದ್ದನ್ನು ಇಳಿಸುತ್ತಾರೆ.

ಬರ್ನ್‌ಗೆ ಬರ್ನ್ ಎದುರಾದರೆ ವಿಷಯ ಸ್ವಲ್ಪದರಲ್ಲೇ ಮುಗಿಯುತ್ತದೆ. ಮೊದಲು ಆಡುವವರಿಗೆ ದೊಡ್ಡ ಲಾಭ. ಲೈಟ್ನಿಂಗ್ ಹೀಲಿಕ್ಸ್ ಅಲ್ಲಿ ಎರಡು ಕಾರ್ಡಿಗೆ ಸಮ, 3 ಹೊಡೆದು 3 ಅಳಿಸುತ್ತದೆ. ನೀವು ಎರಡನೆಯವರಾಗಿ ಆಡುವುದಾದರೆ ಐಡಲಾನ್ ತೆಗೆದಿಡಿ.

ಕೊನೆಯದಾಗಿ ಪಾಪರ್ ಫಾರ್ಮ್ಯಾಟ್ ಬಗ್ಗೆ, ಯಾಕೆಂದರೆ ಹೊಸಬರು ಬರ್ನ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದರಲ್ಲಿ ಕಾಮನ್ ಆಗಿ, ಅಂದರೆ ಸುಲಭವಾಗಿ ಸಿಗುವ ದರ್ಜೆಯಲ್ಲಿ, ಅಚ್ಚಾದ ಕಾರ್ಡ್‌ಗಳಿಗೆ ಮಾತ್ರ ಜಾಗ, ಹಾಗಾಗಿ ಡೆಕ್ ಕಟ್ಟಲು ಖರ್ಚು ಕಡಿಮೆ. ಬೋಲ್ಟ್, ಸ್ಪೈಕ್, ರಿಫ್ಟ್ ಬೋಲ್ಟ್ ಎಲ್ಲ ಅಲ್ಲಿವೆ. ಜೊತೆಗೆ 1997ರ ಫೈರ್‌ಬ್ಲಾಸ್ಟ್ ಇದೆ: ಮನಾ ಬದಲು ನಿಮ್ಮ ಎರಡು ಮೌಂಟನ್ (ಕೆಂಪು ಮನಾ ಕೊಡುವ ಬೇಸಿಕ್ ಲ್ಯಾಂಡ್) ಬಲಿಕೊಟ್ಟರೆ 4 ಡ್ಯಾಮೇಜ್. ಮೂರು ಮೌಂಟನ್, ಕೈಯಲ್ಲಿ ನಾಲ್ಕು ಕಾರ್ಡ್ ಇರುವ ಬರ್ನ್ ಆಟಗಾರರು ಮೂರು ಮನಾದಿಂದ ಮೂರು ಬೋಲ್ಟ್ ಹೊಡೆದು, ಅದೇ ಮೌಂಟನ್‌ಗಳಲ್ಲಿ ಎರಡನ್ನು ಬಲಿಕೊಟ್ಟು ಫೈರ್‌ಬ್ಲಾಸ್ಟ್ ಆಡಬಹುದು. ಒಂದೇ ಟರ್ನ್‌ನಲ್ಲಿ 13. ಅಂದರೆ ಅಲ್ಲಿ ನಿಮ್ಮ 13 ಲೈಫ್ ಕೂಡ ಭದ್ರ ಅಲ್ಲ. ನೀಲಿ ಆಡುವವರ ಕೈಯಲ್ಲಿ ಒಂದು ಮನಾಕ್ಕೆ ಕೆಂಪು ಸ್ಪೆಲ್ ತಡೆಯುವ ಹೈಡ್ರೋಬ್ಲಾಸ್ಟ್ ಇದ್ದರೆ ಮೊದಲ ಬೋಲ್ಟ್‌ಗೇ ಅದನ್ನು ಖರ್ಚು ಮಾಡಬೇಡಿ, ಸಾಧ್ಯವಾದಷ್ಟು ಫೈರ್‌ಬ್ಲಾಸ್ಟ್‌ಗೆ ಉಳಿಸಿಡಿ. ಮೌಂಟನ್ ಬಲಿ ಆ ಕಾರ್ಡಿನ ಬೆಲೆ, ಅದನ್ನು ಮೊದಲೇ ಕಟ್ಟಬೇಕು. ಸ್ಪೆಲ್ ತಡೆದರೂ ಆ ಎರಡು ಲ್ಯಾಂಡ್ ಅವರಿಗೆ ವಾಪಸ್ ಸಿಗುವುದಿಲ್ಲ.